ಐರನ್ ಹೊಡೆತ ಕೆಟ್ಟರೆ ಮೊದಲು ನೆಲ ನೋಡಿ: ಮಲೆನಾಡಿನ ಗಾಲ್ಫ್ ಆಟಗಾರರಿಗೆ ದೋಷ ನಿವಾರಣೆ ಕೈಪಿಡಿ

ಪುಷ್ಯ ಮಳೆ ಹಿಡಿದಿರುವಾಗ ಏಳನೇ ನಂಬರ್ ಐರನ್‌ನಿಂದ, ಅಂದರೆ ಲೋಹದ ಚಪ್ಪಟೆ ತಲೆಯ ಗಾಲ್ಫ್ ಕ್ಲಬ್‌ನಿಂದ (ಕೋಲಿನಿಂದ), ಹೊಡೆದ ಚೆಂಡು ನಾಲ್ಕು ಮಾರು ಹೋಗಿ ಕೆಸರಿನಲ್ಲಿ ಕೂರುತ್ತದೆ. ಅದೇ ಆಟಗಾರ ಅದೇ ಸ್ವಿಂಗ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ಹೊಡೆದರೆ ಚೆಂಡು ಮೊಣಕಾಲೆತ್ತರದಲ್ಲಿ ಚಿಮ್ಮಿ ಚೆಂಡು ಸೇರಬೇಕಾದ ಗುಳಿಯಿರುವ ಗ್ರೀನ್ ದಾಟಿ ಆಚೆಯ ಪೊದೆ ಸೇರುತ್ತದೆ. ಮಳೆಗಾಲದಲ್ಲಿ ಅವನು ‘ನೆಲ ಹೊಡೆಯುತ್ತಿದ್ದೇನೆ’ ಎಂದು ಕ್ಲಬ್ಬನ್ನು ಮೇಲಕ್ಕೆತ್ತಿ ಹೊಡೆಯಲು ಕಲಿಯುತ್ತಾನೆ. ಬೇಸಿಗೆಯಲ್ಲಿ ‘ತಲೆ ಎತ್ತುತ್ತಿದ್ದೇನೆ’ ಎಂದು ಕುತ್ತಿಗೆ ಬಿಗಿಹಿಡಿದು ನಿಲ್ಲುತ್ತಾನೆ. ಹೀಗೆ ಒಂದೇ ದೋಷಕ್ಕೆ ವರ್ಷಕ್ಕೆ ಎರಡು ಮದ್ದು ಮಾಡಿ, ಎರಡರಿಂದಲೂ ಸ್ವಿಂಗನ್ನು ಇನ್ನಷ್ಟು ಕೆಡಿಸಿಕೊಳ್ಳುತ್ತಾನೆ.

ಇಲ್ಲಿ ಬದಲಾದದ್ದು ನೆಲ ಮಾತ್ರ. ಕ್ಲಬ್ ಎರಡೂ ಸಲ ಚೆಂಡಿಗಿಂತ ಹಿಂದೆಯೇ ನೆಲ ಮುಟ್ಟಿದೆ. ಒದ್ದೆ ಮಣ್ಣಿನಲ್ಲಿ ಅದು ಹೂತು ವೇಗ ಕಳೆದುಕೊಂಡಿತು. ಒಣಗಿ ಬಿಗಿದ ಜಂಬಿಟ್ಟಿಗೆ ನೆಲದಲ್ಲಿ ಹೂಳಲು ಜಾಗವಿಲ್ಲದೆ ಪುಟಿದು, ತನ್ನ ಕೆಳ ಅಂಚಿನಿಂದ ಚೆಂಡಿನ ನಡುವಿಗೆ ಬಡಿಯಿತು. ಶಿವಮೊಗ್ಗದ ಕಿಮ್ಮನೆ ಗಾಲ್ಫ್ ಮೈದಾನದಲ್ಲಿ ಆಡಿದರೂ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಆಡಿದರೂ ನಮ್ಮ ನೆಲ ವರ್ಷದಲ್ಲಿ ಇಷ್ಟು ಬದಲಾಗುತ್ತದೆ. ಆದ್ದರಿಂದ ಚೆಂಡು ಎಲ್ಲಿಗೆ ಹೋಯಿತು ಎಂಬುದರಿಂದ ದೋಷ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಕ್ಲಬ್ ನೆಲವನ್ನು ಎಲ್ಲಿ ಮುಟ್ಟಿತು ಎಂಬುದನ್ನು ಮೊದಲು ನೋಡಬೇಕು. ಚೆಂಡು ಕ್ಲಬ್‌ನ ಮುಖದ ಯಾವ ಭಾಗಕ್ಕೆ ತಗುಲಿತು ಎಂಬುದು ಆಮೇಲಿನ ಪ್ರಶ್ನೆ. ಕೈ, ಕಾಲು, ತಲೆಗಳ ವಿಚಾರ ಕೊನೆಗೆ. ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಇಲ್ಲಿರುವುದೆಲ್ಲ ಬಲಗೈ ಆಟಗಾರರಿಗೆ ಹೇಳಿದ್ದು. ಎಡಗೈ ಆಟಗಾರರು ಎಡಬಲ ತಿರುಗಿಸಿ ಓದಿಕೊಳ್ಳಬೇಕು.

ಸರಿಯಾದ ಹೊಡೆತದಲ್ಲಿ ಆಗುವುದೇನು

ಜೋಕಾಲಿ ತಾನು ತೂಗುಬಿದ್ದ ಕೊಂಬೆಯ ನೇರ ಕೆಳಗೆ ನೆಲಕ್ಕೆ ಅತಿ ಸಮೀಪ ಬರುವಂತೆ, ಕ್ಲಬ್ ಹೆಚ್ಚುಕಡಿಮೆ ಎಡ ಭುಜದ ಕೆಳಗೆ ತನ್ನ ದಾರಿಯ ಅತಿ ತಗ್ಗಿನ ಬಿಂದುವನ್ನು ಮುಟ್ಟುತ್ತದೆ. ಇದನ್ನು ತಳಬಿಂದು ಎನ್ನೋಣ. ಐರನ್ ಹೊಡೆತದಲ್ಲಿ ತಳಬಿಂದು ಚೆಂಡಿಗಿಂತ ಗುರಿಯ ಕಡೆಗೆ ಇರಬೇಕು. ನುರಿತ ವೃತ್ತಿಪರರಲ್ಲಿ ಅದು ಚೆಂಡಿನಿಂದ ಸುಮಾರು 10 ಸೆಂಟಿಮೀಟರ್ ಮುಂದಿರುತ್ತದೆ. ಅಂದರೆ ಕ್ಲಬ್ ಇನ್ನೂ ಇಳಿಯುತ್ತಿರುವಾಗಲೇ ಚೆಂಡು ಸಿಗುತ್ತದೆ, ಅದು ಹಾರಿಹೋದ ಮೇಲೆ ಹುಲ್ಲು ಕತ್ತರಿಸುತ್ತದೆ. ಡಿವೊಟ್ ಎಂದು ಕರೆಯುವ ಆ ಹುಲ್ಲಿನ ಹೆಂಟೆ ಚೆಂಡಿದ್ದ ಜಾಗದ ಮುಂದೆ ಎದ್ದಿರಬೇಕು. ಹಿಂದೆ ಎದ್ದಿದ್ದರೆ ಹೊಡೆತ ಎಷ್ಟೇ ದೂರ ಹೋಗಿರಲಿ, ಅದು ಅದೃಷ್ಟದ ಹೊಡೆತ.

ನಿಯಮದ ಪ್ರಕಾರ ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಅದರ ನಡುಬಿಂದು ನೆಲದಿಂದ ಎರಡು ಸೆಂಟಿಮೀಟರ್‌ಗಿಂತ ತುಸು ಮೇಲಿದೆ, ಅಷ್ಟೇ. ಕ್ಲಬ್‌ನ ಕೆಳ ಅಂಚು ಆ ಎತ್ತರಕ್ಕಿಂತ ಸಾಕಷ್ಟು ತಗ್ಗಿನಲ್ಲಿ ಬಂದರೆ ಮುಖದ ಓರೆ ಚೆಂಡಿನ ಕೆಳಗೆ ಸೇರಿ ಅದನ್ನು ಮೇಲಕ್ಕೇರಿಸುತ್ತದೆ. ಅಂಚು ನಡುಬಿಂದುವಿನ ಮಟ್ಟದಲ್ಲೇ ಬಂದರೆ ‘ಥಿನ್’, ಅದಕ್ಕಿಂತ ಮೇಲೆ ಬಂದರೆ ‘ಟಾಪ್’. ಎತ್ತರದಲ್ಲಿ ನಮಗಿರುವ ಸಲುಗೆ ಇಷ್ಟೇ ಆದ್ದರಿಂದ ಮೈಯ ಸಣ್ಣ ಏರಿಳಿತವೂ ಹೊಡೆತವನ್ನು ಕೆಡಿಸಬಲ್ಲದು.

ಚೆಂಡು ಕ್ಲಬ್‌ನ ಮುಖದ ಮೇಲೆ ಇರುವುದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದರಷ್ಟು ಹೊತ್ತು. ಕೈಗೆ ಏನಾದರೂ ತಿಳಿಯುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ‘ಈ ಸಲ ಚೆನ್ನಾಗಿ ಸಿಕ್ಕಿತು ಅನ್ನಿಸಿತು’ ಎಂಬ ಮಾತನ್ನು ದೋಷ ಹುಡುಕುವವನು ನೆಚ್ಚಿಕೊಳ್ಳಬಾರದು. ಗುರುತು ಬೇಕು, ಕಣ್ಣಿಗೆ ಕಾಣುವ ಗುರುತು.

ಗೆರೆ ಪರೀಕ್ಷೆ

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಮನೆಯಲ್ಲಿರುವ ರಂಗೋಲಿ ಪುಡಿ ಸಾಕು. ಹುಲ್ಲಿನ ಮೇಲೆ ಗುರಿಗೆ ಅಡ್ಡವಾಗಿ ಎರಡು ಮೀಟರ್ ಉದ್ದದ ಒಂದು ಗೆರೆ ಎಳೆಯಿರಿ. ಚೆಂಡು ಇಡಬೇಡಿ. ಗೆರೆಯೇ ಚೆಂಡು ಎಂದುಕೊಂಡು ನಿಂತು ಒಂಬತ್ತನೇ ಐರನ್‌ನಲ್ಲಿ ಮುಕ್ಕಾಲು ವೇಗದ ಸ್ವಿಂಗ್ ಮಾಡಿ. ಗೆರೆಯ ಗುಂಟ ಒಂದು ಹೆಜ್ಜೆ ಸರಿದು ಮತ್ತೊಂದು. ಹೀಗೆ ಗೆರೆ ಮುಗಿಯುವವರೆಗೆ ಹೋಗಿ. ನಡುವೆ ಬಗ್ಗಿ ನೋಡಬೇಡಿ. ನೋಡಿದರೆ ಮುಂದಿನ ಸ್ವಿಂಗನ್ನು ಗೊತ್ತಿಲ್ಲದೆಯೇ ತಿದ್ದಿಬಿಡುತ್ತೀರಿ, ಪರೀಕ್ಷೆ ಸುಳ್ಳಾಗುತ್ತದೆ. ಎಲ್ಲ ಮುಗಿದ ಮೇಲೆ ಹಿಂದೆ ಬಂದು ಗೆರೆಯ ಮೇಲಿಂದ ಕೆಳಕ್ಕೆ ನೋಡಿ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಗುರುತುಗಳು ಗೆರೆಯ ಮೇಲೆ ಶುರುವಾಗಿ ಗುರಿಯ ಕಡೆಗೆ ಹೋಗಿದ್ದರೆ ನಿಮ್ಮ ತಳಬಿಂದು ಸರಿಯಾಗಿದೆ. ನಿಮ್ಮ ತೊಂದರೆ ಬೇರೆ ಕಡೆ ಇದೆ, ‘ನೆಲ ಸರಿ, ಆದರೂ ಪೆಟ್ಟು ಸರಿಯಿಲ್ಲ’ ಎಂಬ ಭಾಗಕ್ಕೆ ಹೋಗಿ. ಎಲ್ಲ ಗುರುತುಗಳೂ ಗೆರೆಯ ಹಿಂದೆ, ಒಂದೇ ಅಂತರದಲ್ಲಿ ಇದ್ದರೆ ಅದು ನಿಜಕ್ಕೂ ಒಳ್ಳೆಯ ಸುದ್ದಿ: ಸ್ವಿಂಗ್ ಸ್ಥಿರವಾಗಿದೆ, ಕಾರಣ ಒಂದೇ, ಬೇಗ ಸಿಗುತ್ತದೆ. ಕೆಲವು ಹಿಂದೆ, ಕೆಲವು ಮುಂದೆ ಚದುರಿದ್ದರೆ ಕೆಲಸ ಹೆಚ್ಚು. ಗುರುತೇ ಇಲ್ಲದೆ ಹುಲ್ಲಿನ ತುದಿ ಮಾತ್ರ ಸವರಿದ್ದರೆ ಮೈ ಮೇಲೇಳುತ್ತಿದೆ.

ಈ ಪರೀಕ್ಷೆಗೆ ಹದವಾದ ನೆಲ ಬೇಕು. ಹಸ್ತ, ಚಿತ್ತಾ ಮಳೆಗಳು ಮುಗಿಯುತ್ತಾ ಬಂದು ನೆಲ ಮೆತ್ತಗೂ ಇದ್ದು ಕಾಲಿಟ್ಟರೆ ನೀರು ಒಸರದಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳು ಅತ್ಯುತ್ತಮ. ಆಶ್ಲೇಷಾ ಮಳೆಯಲ್ಲಿ ಪುಡಿ ನಿಲ್ಲುವುದಿಲ್ಲ. ಆಗ ಒಂದು ಒಣ ಅಡಿಕೆ ಹಾಳೆಯನ್ನು ಚಪ್ಪಟೆಯಾಗಿ ಹರಡಿ, ಅದರ ಅಂಚು ಚೆಂಡಿನ ಹಿಂದೆ ಒಂದು ಗೇಣಿಗಿಂತ ತುಸು ಕಡಿಮೆ ದೂರದಲ್ಲಿರುವಂತೆ ಇಡಿ. ಕ್ಲಬ್ ಹಾಳೆಯನ್ನು ಮುಟ್ಟಿದರೆ ಸದ್ದೇ ಹೇಳುತ್ತದೆ, ಎಷ್ಟು ಮಳೆ ಸುರಿಯುತ್ತಿದ್ದರೂ ಆ ಸದ್ದು ಕಿವಿಗೆ ಬೀಳುತ್ತದೆ. ಬೇರೆ ಊರುಗಳಲ್ಲಿ ಟವೆಲ್ ಮಡಚಿ ಇಡುತ್ತಾರೆ. ಹಾಳೆ ತೆಳ್ಳಗಿರುವುದರಿಂದ ನನ್ನ ಪ್ರಕಾರ ಅದಕ್ಕಿಂತ ಮೇಲು. ಬೇಸಿಗೆಯಲ್ಲಿ ಜಂಬಿಟ್ಟಿಗೆಯ ಮೇಲೆ ಈ ಅಭ್ಯಾಸ ಬೇಡವೇ ಬೇಡ, ಮಣಿಕಟ್ಟಿಗೆ ಪೆಟ್ಟಾಗುತ್ತದೆ. ಮರಳನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಸಿ ನೀರು ಚಿಮುಕಿಸಿ ಒತ್ತಿದರೆ ಒಳ್ಳೆಯ ಪಟ್ಟಿಯಾಗುತ್ತದೆ. ಅಲ್ಲಿ ಗೆರೆಯನ್ನು ಬೆರಳಿನಿಂದಲೇ ಎಳೆಯಬಹುದು.

ಅಭ್ಯಾಸದ ರಬ್ಬರ್ ಚಾಪೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಚಾಪೆಯ ಮೇಲೆ ಚೆಂಡಿನ ಹಿಂದೆ ಬಿದ್ದ ಕ್ಲಬ್ ಜಾರಿಕೊಂಡು ಮುಂದೆ ಬಂದು ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಚಾಪೆಯ ಮೇಲೆ ಸರಾಗವಾಗಿ ಹೊಡೆದು ಹುಲ್ಲಿಗೆ ಬಂದಾಗ ಸೋಲುವವರಿಗೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಚಾಪೆಯೇ ಗತಿ ಎನ್ನುವವರು ಅದರ ಮೇಲೂ ಹಾಳೆ ಇಟ್ಟುಕೊಂಡು ಹೊಡೆಯಲಿ.

ಗುರುತು ಹಿಂದಿದ್ದರೆ

ಮೊದಲು ಚೆಂಡಿನ ಜಾಗ. ಸ್ವಿಂಗ್ ಸರಿಯಿದ್ದು ಚೆಂಡು ತೀರಾ ಮುಂದೆ, ಎಡಪಾದದ ಹತ್ತಿರ ಇದ್ದರೂ ಗುರುತು ಹಿಂದೆಯೇ ಬೀಳುತ್ತದೆ. ಮೋಟು ಐರನ್‌ಗಳಿಗೆ (ನಂಬರ್ ಹೆಚ್ಚಿದಷ್ಟೂ ಐರನ್ ಮೋಟು) ಚೆಂಡು ಎರಡು ಪಾದಗಳ ನಡುವೆ, ಏಳನೇ ಐರನ್‌ಗೆ ಅದಕ್ಕಿಂತ ತುಸು ಮುಂದೆ, ಉದ್ದ ಐರನ್‌ಗಳಿಗೆ ಇನ್ನೂ ಒಂದು ಚೆಂಡಿನಷ್ಟು ಮುಂದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೆ ಗೊತ್ತಿರುವುದಕ್ಕೂ ಹಾಗೆ ನಿಲ್ಲುವುದಕ್ಕೂ ಬಹಳ ಅಂತರವಿದೆ. ಎಡಪಾದದ ಬೆರಳುಗಳನ್ನು ಹೊರಕ್ಕೆ ತಿರುಗಿಸಿ ನಿಂತಾಗ ಮೇಲಿನಿಂದ ನೋಡುವ ಕಣ್ಣಿಗೆ ಚೆಂಡು ಹಿಂದಿರುವಂತೆ ಕಾಣುತ್ತದೆ. ಆದ್ದರಿಂದ ಹಿಮ್ಮಡಿಗಳಿಂದ ಅಳೆಯಿರಿ. ನೇರವಾದ ಎರಡು ಅಡಿಕೆ ದಬ್ಬೆಗಳನ್ನು ಒಂದನ್ನು ಗುರಿಯ ದಿಕ್ಕಿಗೆ, ಇನ್ನೊಂದನ್ನು ಅದಕ್ಕೆ ಅಡ್ಡವಾಗಿ ಚೆಂಡಿನಿಂದ ಪಾದಗಳ ನಡುವಿಗೆ ಇಟ್ಟು ನಿಂತು ನೋಡಿದರೆ ಸುಳ್ಳು ಬಯಲಾಗುತ್ತದೆ. ಸ್ವಿಂಗ್ ಮಾಡುವ ಮುನ್ನ ದಬ್ಬೆಗಳನ್ನು ತೆಗೆದುಬಿಡಿ, ಅವುಗಳ ಸಿಬಿರು ಕಣ್ಣಿಗೆ ಹಾರಿದರೆ ಕಷ್ಟ.

ಚೆಂಡಿನ ಜಾಗ ಸರಿಯಿದ್ದೂ ಗುರುತು ಹಿಂದಿದೆಯೆಂದರೆ ಭಾರ ಹಿಂದೆ ಉಳಿದಿದೆ. ನಾನು ನೋಡಿದ ಮಟ್ಟಿಗೆ ಹವ್ಯಾಸಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಕಾರಣ ಇದೇ. ಚೆಂಡು ತಾಗುವ ಹೊತ್ತಿಗೆ ಪಾದಗಳ ಮೂಲಕ ನೆಲದ ಮೇಲೆ ಬೀಳುವ ಒತ್ತಡದ ಮುಕ್ಕಾಲು ಭಾಗವಾದರೂ ಎಡಪಾದದ ಮೇಲಿರಬೇಕು. ಬಲಪಾದದ ಮೇಲೆಯೇ ನಿಂತು ಹೊಡೆದರೆ ಕ್ಲಬ್ ಬೀಸಿ ಬರುವ ಇಡೀ ಕಮಾನು ಹಿಂದಕ್ಕೆ ಸರಿಯುತ್ತದೆ, ಅದರ ತಳಬಿಂದುವೂ ಹಿಂದಕ್ಕೆ. ಪತ್ತೆ ಮಾಡುವುದು ಸುಲಭ: ಹೊಡೆದ ಮೇಲೆ ಅದೇ ಭಂಗಿಯಲ್ಲಿ ನಿಂತು ಬಲಪಾದವನ್ನು ನೆಲದಿಂದ ಎತ್ತಿ. ಮೈ ತೂಗಾಡದೆ ಎತ್ತಲು ಬಂದರೆ ಭಾರ ಎಡಕ್ಕೆ ಬಂದಿದೆ. ಹಿಂದಕ್ಕೆ ಬೀಳುವಂತಾದರೆ ಬಂದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಭಾರ ಎಡಕ್ಕೆ ಬರಬೇಕು ಎಂದು ತಿಳಿದವರು ಬಹಳಷ್ಟು ಮಂದಿ ಅದನ್ನು ತಡವಾಗಿ ತರುತ್ತಾರೆ, ಕ್ಲಬ್ ಕೆಳಗಿಳಿಯುತ್ತಾ ಬಂದಾಗ ಸೊಂಟವನ್ನು ದೂಡುತ್ತಾರೆ. ಒತ್ತಡ ಎಡಕ್ಕೆ ಹೊರಡಬೇಕಾದದ್ದು ಕ್ಲಬ್ ಇನ್ನೂ ಮೇಲಕ್ಕೆ ಹೋಗುತ್ತಿರುವಾಗಲೇ. ಇದನ್ನು ಮಾತಿನಿಂದ ಕಲಿಯುವುದು ಕಷ್ಟ, ಕಾಲಿನಿಂದ ಕಲಿಯಬೇಕು. ಎರಡೂ ಪಾದಗಳನ್ನು ಜೋಡಿಸಿ ನಿಲ್ಲಿ. ಕ್ಲಬ್ ಹಿಂದಕ್ಕೆ ಹೋಗುತ್ತಾ ಸೊಂಟದೆತ್ತರ ದಾಟಿದಾಗ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಡಿ, ಊರಿ, ಆಮೇಲೆ ಹೊಡೆಯಿರಿ. ಮೊದಲು ಚೆಂಡಿಲ್ಲದೆ ಗೆರೆಯ ಮೇಲೆ, ಆಮೇಲೆ ಚೆಂಡಿಟ್ಟು. ಹೆಜ್ಜೆ ಇಟ್ಟು ಹೊಡೆಯುವಾಗ ಭಾರವನ್ನು ಹಿಂದೆ ಉಳಿಸುವುದೇ ಕಷ್ಟವಾಗುತ್ತದೆ. ಈ ಅಭ್ಯಾಸದಲ್ಲಿ ಗುರುತು ಗೆರೆಯ ಮುಂದಕ್ಕೆ ಬಂದು, ಮಾಮೂಲಿ ನಿಲುವಿಗೆ ಮರಳಿದಾಗ ಹಿಂದಕ್ಕೆ ಹೋದರೆ ದೋಷ ಖಚಿತವಾದಂತೆ.

ಹಿಂದಕ್ಕೆ ಹೋಗುವಾಗ ಮೈ ತಿರುಗುವ ಬದಲು ಇಡೀ ದೇಹವೇ ಬಲಕ್ಕೆ ಜರುಗುವುದು ಇದರ ಸೋದರ ದೋಷ. ಗೋಡೆ ಅಥವಾ ಕಂಬಕ್ಕೆ ಬಲ ಸೊಂಟ ನಾಲ್ಕು ಬೆರಳು ದೂರದಲ್ಲಿರುವಂತೆ ನಿಂತು, ಕ್ಲಬ್ ಇಲ್ಲದೆ ತೋಳು ಕಟ್ಟಿ ತಿರುಗಿ ನೋಡಿ. ಸೊಂಟ ಗೋಡೆಗೆ ಒತ್ತಿದರೆ ಜರುಗುತ್ತಿದ್ದೀರಿ.

ಮೂರನೆಯದು ಮಣಿಕಟ್ಟು. ಭಾರ ಎಡಕ್ಕೆ ಬಂದಿದೆ, ಚೆಂಡೂ ಸರಿಯಾದ ಜಾಗದಲ್ಲಿದೆ, ಆದರೂ ಗುರುತು ಹಿಂದೆ. ಹಾಗಿದ್ದರೆ ಕ್ಲಬ್‌ನ ತಲೆ ಕೈಗಳನ್ನು ದಾಟಿ ಮುಂದೆ ಬರುತ್ತಿದೆ. ಹಿಡಿಕೆ ಚೆಂಡಿಗಿಂತ ಸ್ವಲ್ಪ ಮುಂದಿರಬೇಕಾದ ಕ್ಷಣದಲ್ಲಿ ಬಲ ಮಣಿಕಟ್ಟು ನೆಟ್ಟಗಾಗಿ ಕ್ಲಬ್ಬನ್ನು ಎಸೆದುಬಿಟ್ಟಿದೆ. ಚೆಂಡನ್ನು ಗಾಳಿಗೆ ಎತ್ತಿಹಾಕಬೇಕು ಎಂಬ ಆಸೆಯೇ ಇದರ ಮೂಲ ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ಸತ್ಯ. ಇಂದಿನ ಏಳನೇ ಐರನ್‌ಗಳಿಗೆ ಸಾಮಾನ್ಯವಾಗಿ 28ರಿಂದ 34 ಡಿಗ್ರಿಯಷ್ಟು ಓರೆ ಇರುತ್ತದೆ. ಎತ್ತುವ ಕೆಲಸವನ್ನು ಕಬ್ಬಿಣವೇ ಮಾಡುತ್ತದೆ, ನಾವು ಮಾಡಬೇಕಿಲ್ಲ.

ಉಳಿದರ್ಧ ಸತ್ಯ ಹಿಡಿತದಲ್ಲಿದೆ. ಕ್ಲಬ್‌ನ ಮುಖ ಬಲಕ್ಕೆ ತೆರೆದುಕೊಂಡು ಇಳಿಯುತ್ತಿದ್ದರೆ ಚೆಂಡು ಬಲಕ್ಕೆ ಹೋಗುತ್ತದೆ ಎಂದು ಕೈಗಳಿಗೆ ಗೊತ್ತು. ಅವು ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುವಿ ಮುಖವನ್ನು ಮುಚ್ಚುತ್ತವೆ. ಅಂಥವರಿಗೆ ‘ಹಿಡಿಕೆಯನ್ನು ಮುಂದಿಡಿ’ ಎಂದು ಹೇಳಿದರೆ ಎರಡು ಹೊಡೆತ ಹಾಗೆ ಮಾಡುತ್ತಾರೆ, ಎರಡೂ ಬಲಕ್ಕೆ ಹಾರುತ್ತವೆ, ಮೂರನೆಯದಕ್ಕೆ ಹಳೆಯ ಅಭ್ಯಾಸ ಮರಳುತ್ತದೆ. ಆದ್ದರಿಂದ ಮೊದಲು ಹಿಡಿತ ನೋಡಿ. ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಎಡಗೈಯ ಎರಡು ಅಥವಾ ಎರಡೂವರೆ ಗೆಣ್ಣುಗಳು ಕಾಣಬೇಕು. ಒಂದೇ ಕಂಡರೆ ಎಡಗೈಯನ್ನು ಹಿಡಿಕೆಯ ಮೇಲೆ ಬಲಕ್ಕೆ ತಿರುಗಿಸಿ ಹಿಡಿಯಿರಿ. ಇದೊಂದನ್ನು ಸರಿಪಡಿಸಿದರೆ ಎಷ್ಟೋ ಮಂದಿಯ ಮಣಿಕಟ್ಟು ತಾನಾಗಿ ಶಾಂತವಾಗುತ್ತದೆ. ಆಮೇಲೆ ಸೊಂಟದೆತ್ತರದಿಂದ ಸೊಂಟದೆತ್ತರಕ್ಕೆ ಮೋಟು ಸ್ವಿಂಗ್ ಮಾಡಿ, ಎಡ ಮಣಿಕಟ್ಟಿನ ಹಿಂಭಾಗ ಚಪ್ಪಟೆಯಾಗಿಯೇ ಚೆಂಡನ್ನು ದಾಟುವಂತೆ. ಚೆಂಡು ತಗ್ಗಿನಲ್ಲಿ, ಬಿರುಸಾಗಿ ಹೋಗಬೇಕು. ಇಷ್ಟು ಚಿಕ್ಕ ಸ್ವಿಂಗ್‌ನಲ್ಲಿ ಗುರುತು ಸರಿಯಾಗದೆ ಪೂರ್ಣ ಸ್ವಿಂಗ್‌ಗೆ ಹೋಗುವುದು ಹೊತ್ತು ಹಾಳು ಮಾಡಿಕೊಂಡಂತೆ.

ಗುರುತು ಚದುರಿದ್ದರೆ

ಇದಕ್ಕೆ ಕಾರಣ ಸಾಮಾನ್ಯವಾಗಿ ಸಮತೋಲನ. ವೇಗ ತಗ್ಗಿಸಿ ಗೆರೆ ಪರೀಕ್ಷೆಯನ್ನು ಮತ್ತೆ ಮಾಡಿ. ಅರ್ಧ ವೇಗದಲ್ಲಿ ಗುರುತುಗಳು ಒಂದೆಡೆ ಸೇರಿದರೆ ನಿಮ್ಮ ಮೈ ತಡೆದುಕೊಳ್ಳುವುದಕ್ಕಿಂತ ಜೋರಾಗಿ ಹೊಡೆಯುತ್ತಿದ್ದೀರಿ. ಅರ್ಧ ವೇಗದಲ್ಲೂ ಚದುರಿದರೆ ಪಾದಗಳ ಕೆಳಗೆ ನೋಡಿ. ಮಳೆಗಾಲದಲ್ಲಿ ಬಲಪಾದ ಜಾರುವುದು ಕಣ್ಣಿಗೆ ಕಾಣದಷ್ಟು ಕಡಿಮೆ ಇರಬಹುದು, ಆದರೆ ಅದು ತಳಬಿಂದುವನ್ನು ಸರಿಸಲು ಸಾಕು. ಬೂಟಿನ ಮುಳ್ಳುಗಳ ನಡುವೆ ಕೆಂಪು ಮಣ್ಣು ತುಂಬಿಕೊಂಡರೆ ಮುಳ್ಳಿಲ್ಲದ ಬೂಟಿಗೂ ಅದಕ್ಕೂ ವ್ಯತ್ಯಾಸವಿಲ್ಲ, ಪ್ರತಿ ಹೊಡೆತಕ್ಕೆ ಮೊದಲು ಕೆರೆದು ತೆಗೆಯಿರಿ. ಒದ್ದೆ ಹಿಡಿಕೆಯೂ ಅಷ್ಟೇ ಅಪಾಯ: ಜಾರುತ್ತದೆಂದು ಬಿಗಿಹಿಡಿದಾಗ ತೋಳು ಮೋಟಾಗುತ್ತದೆ, ಕ್ಲಬ್ ನೆಲ ಮುಟ್ಟದೆ ಹೋಗುತ್ತದೆ. ಕೊಡೆಯ ಕಡ್ಡಿಗಳಿಗೆ ಒಳಗಿನಿಂದ ಒಣ ಬಟ್ಟೆ ನೇತುಹಾಕಿಕೊಳ್ಳುವುದು ನಮ್ಮ ಕಡೆಯ ಆಟಗಾರರಿಗೆ ಒಳ್ಳೆಯ ಅಭ್ಯಾಸ.

ಥಿನ್, ಟಾಪ್

ಬೇಸಿಗೆಯಾಗಿದ್ದರೆ ಮೊದಲೇ ಹೇಳಿದ ಅನುಮಾನವನ್ನು ಬಗೆಹರಿಸಿಕೊಳ್ಳಿ. ಚೆಂಡಿನ ಹಿಂದೆ ನೆಲದಲ್ಲಿ ಧೂಳೆದ್ದ ಜಾಗ ಅಥವಾ ಸಣ್ಣ ಗೀರು ಕಂಡರೆ ಇದು ಪುಟಿದ ಹೊಡೆತ. ‘ಗುರುತು ಹಿಂದಿದ್ದರೆ’ ಎಂಬ ಭಾಗಕ್ಕೆ ಹಿಂದಿರುಗಿ.

ನೆಲದಲ್ಲಿ ಗುರುತೇ ಇಲ್ಲದಿದ್ದರೆ ಜೊತೆಗಾರರು ‘ತಲೆ ಎತ್ತಿದಿರಿ’ ಎನ್ನುತ್ತಾರೆ. ಗಾಲ್ಫ್‌ನಲ್ಲಿ ಇಷ್ಟು ಸುಲಭವಾಗಿ ಹಂಚುವ, ಇಷ್ಟು ಕಡಿಮೆ ಉಪಯೋಗಕ್ಕೆ ಬರುವ ಸಲಹೆ ಇನ್ನೊಂದಿಲ್ಲ. ತಲೆ ತಾನಾಗಿ ಏಳುವುದಿಲ್ಲ. ಕೆಳಗಿಳಿಯುವಾಗ ಸೊಂಟ ಚೆಂಡಿನ ಕಡೆಗೆ ನುಗ್ಗುತ್ತದೆ, ಅದಕ್ಕೆ ಜಾಗ ಕೊಡಲು ಬೆನ್ನು ನೆಟ್ಟಗಾಗುತ್ತದೆ, ಬೆನ್ನಿನ ಜೊತೆ ತಲೆ ಏಳುತ್ತದೆ. ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿದಿಟ್ಟರೆ ಸೊಂಟ ನುಗ್ಗುವುದು ನಿಲ್ಲುವುದಿಲ್ಲ, ಮೈ ತಿರುಗುವುದು ಮಾತ್ರ ನಿಲ್ಲುತ್ತದೆ.

ಕುರ್ಚಿಯ ಬೆನ್ನು ನಿಮ್ಮ ಪೃಷ್ಠಕ್ಕೆ ತಗುಲುವಂತೆ ಇಟ್ಟು ನಿಲ್ಲಿ. ಹಿಂದಕ್ಕೆ ಸ್ವಿಂಗ್ ಮಾಡುವಾಗ ಬಲಭಾಗ ಕುರ್ಚಿಯನ್ನು ಮುಟ್ಟಿರಬೇಕು, ಇಳಿಯುವಾಗ ಎಡಭಾಗ ಅಲ್ಲಿಗೆ ಬಂದು ಮುಟ್ಟಬೇಕು. ಇಳಿಯುವಾಗ ಕುರ್ಚಿಯ ಸ್ಪರ್ಶವೇ ತಪ್ಪಿಹೋದರೆ ಸೊಂಟ ಮುಂದೆ ನುಗ್ಗಿದೆ. ಮನೆಯ ಜಗಲಿಯಲ್ಲಿ ಕ್ಲಬ್ ಇಲ್ಲದೆಯೂ ಮಾಡಬಹುದಾದ ಅಭ್ಯಾಸ ಇದು, ಹೊರಗೆ ಕಾಲಿಡಲಾಗದ ಜುಲೈ ಸಂಜೆಗಳಿಗೆ ಹೇಳಿ ಮಾಡಿಸಿದ್ದು.

ನೆಲ ಸರಿ, ಆದರೂ ಪೆಟ್ಟು ಸರಿಯಿಲ್ಲ

ಗುರುತು ಸರಿಯಿದ್ದೂ ಹೊಡೆತ ಸತ್ತಂತಿದ್ದರೆ ಕ್ಲಬ್‌ನ ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಹೊಡೆಯಿರಿ. ಚೆಂಡು ತಗುಲಿದ ಜಾಗ ಅಚ್ಚಾಗಿ ಕಾಣುತ್ತದೆ. ಅಚ್ಚು ತುದಿಯ ಕಡೆಗಿದ್ದರೆ ಬಹುಮಟ್ಟಿಗೆ ಎಡ ಮೊಣಕೈ ಮಡಚಿ ಕ್ಲಬ್ಬನ್ನು ಮೈಕಡೆಗೆ ಎಳೆದುಕೊಳ್ಳುತ್ತಿದ್ದೀರಿ, ಅಥವಾ ಚೆಂಡಿನಿಂದ ದೂರ ನಿಂತಿದ್ದೀರಿ. ಬುಡದ ಕಡೆಗಿದ್ದರೆ ಎಚ್ಚರ, ಇನ್ನೊಂದು ಸೆಂಟಿಮೀಟರ್ ಆಚೆ ಶ್ಯಾಂಕ್ ಕಾದಿದೆ. ಚೆಂಡು ಮುಖದ ಬದಲು ಕ್ಲಬ್‌ನ ಕುತ್ತಿಗೆಗೆ, ಅಂದರೆ ಕೋಲು ತಲೆಗೆ ಸೇರುವ ಜಾಗಕ್ಕೆ, ತಗುಲಿ ಥಟ್ಟನೆ ಬಲಕ್ಕೆ ಸಿಡಿಯುವ ಆ ಹೊಡೆತ ಒಮ್ಮೆ ಶುರುವಾದರೆ ಆಟಗಾರನ ಧೈರ್ಯವನ್ನೇ ತಿಂದುಹಾಕುತ್ತದೆ. ಹೆದರಿದವನು ಚೆಂಡಿನಿಂದ ದೂರ ನಿಲ್ಲುತ್ತಾನೆ, ದೂರ ನಿಂತಷ್ಟೂ ಕೈ ಚಾಚಬೇಕಾಗಿ ಭಾರ ಬೆರಳುಗಳ ಮೇಲೆ ಬೀಳುತ್ತದೆ, ಶ್ಯಾಂಕ್ ಹೆಚ್ಚುತ್ತದೆ. ಬೂಟಿನೊಳಗೆ ಬೆರಳುಗಳನ್ನು ಸ್ವಲ್ಪ ಮೇಲಕ್ಕೆತ್ತಿ, ಭಾರ ಪಾದದ ನಡುವೆ ಇರುವಂತೆ ನಿಂತು ಅರ್ಧ ಸ್ವಿಂಗ್‌ನಲ್ಲಿ ಹೊಡೆದು ನೋಡಿ. ಆಮೇಲೆ ಚೆಂಡಿನ ಆಚೆಬದಿಗೆ ಎರಡು ಬೆರಳು ಅಂತರದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟು, ಅದನ್ನು ಮುಟ್ಟದೆ ಹೊಡೆಯಿರಿ. ರಟ್ಟೇ ಇರಲಿ, ಮರದ ತುಂಡು ಬೇಡ.

ಕ್ಲಬ್‌ನ ದೋಷವೂ ಇರಬಹುದು, ಆದರೆ ಅದನ್ನು ಮೊದಲು ದೂರುವುದು ಬೇಡ. ತಳಕ್ಕೆ ಒಂದು ಟೇಪ್ ಅಂಟಿಸಿ ಗಟ್ಟಿ ಹಲಗೆಯ ಮೇಲಿಂದ ಮೆಲ್ಲಗೆ ಹೊಡೆಯಿರಿ. ಟೇಪ್ ಬುಡದ ಕಡೆ ಮಾತ್ರ ಸವೆದರೆ ಕ್ಲಬ್ ನಿಮಗೆ ಹೆಚ್ಚು ನೆಟ್ಟಗಿದೆ, ತುದಿಯ ಕಡೆ ಸವೆದರೆ ಹೆಚ್ಚು ಮಲಗಿದೆ. ಎತ್ತರದ ಆಳು ಯಾರದೋ ಹಳೆಯ ಸೆಟ್ ಕೊಂಡಾಗ ಇದು ಸಾಮಾನ್ಯ. ಕೋನ ತಿದ್ದುವ ಯಂತ್ರವಿರುವ ಕಡೆ ಸರಿಪಡಿಸಬಹುದು. ವೆಜ್ (ಹೆಚ್ಚು ಓರೆಯ ಮೋಟು ಕ್ಲಬ್) ಕೊಳ್ಳುವವರು ತಳದ ಬೌನ್ಸ್, ಅಂದರೆ ತಳ ಕೆಳ ಅಂಚಿಗಿಂತ ಎಷ್ಟು ಉಬ್ಬಿದೆ ಎಂಬುದನ್ನು, ನೋಡಿ ಕೊಳ್ಳಬೇಕು: ಮೆತ್ತನೆ ನೆಲಕ್ಕೆ ಹೆಚ್ಚು ಬೌನ್ಸ್ ಬೇಕು, ಇಲ್ಲದಿದ್ದರೆ ಕ್ಲಬ್ ಹೂಳುತ್ತದೆ. ಗಟ್ಟಿ ನೆಲಕ್ಕೆ ಕಡಿಮೆ ಸಾಕು, ಹೆಚ್ಚಾದರೆ ಪುಟಿಯುತ್ತದೆ. ಎರಡೂ ಬಗೆಯ ನೆಲದಲ್ಲಿ ಆಡುವ ನಮಗೆ ಮಧ್ಯಮ ಬೌನ್ಸ್ ಒಳ್ಳೆಯದು.

ಇಳಿಜಾರು

ಮಲೆನಾಡಿನಲ್ಲಿ ಸಮತಟ್ಟಾದ ಜಾಗವೇ ಅಪರೂಪ. ಸಮತಟ್ಟಿನಲ್ಲಿ ಗೆರೆ ಪರೀಕ್ಷೆ ಗೆದ್ದು ಮೈದಾನದಲ್ಲಿ ಸೋಲುತ್ತಿದ್ದರೆ ಸ್ವಿಂಗನ್ನು ಮುಟ್ಟಬೇಡಿ, ನಿಲುವನ್ನು ಬದಲಿಸಿ. ಇಳಿಜಾರಿನ ಕಡೆಗೆ ಹೊಡೆಯುವಾಗ ಚೆಂಡಿನ ಹಿಂದಿನ ನೆಲವೇ ಎತ್ತರವಾಗಿರುತ್ತದೆ, ಕ್ಲಬ್ ಮೊದಲು ಅಲ್ಲಿ ತಗುಲುತ್ತದೆ. ಭುಜಗಳನ್ನು ಇಳಿಜಾರಿಗೆ ಸಮಾಂತರವಾಗಿ ಓರೆ ಮಾಡಿ, ಚೆಂಡನ್ನು ಸ್ವಲ್ಪ ಹಿಂದಿಟ್ಟುಕೊಂಡು, ಹೊಡೆದ ಮೇಲೂ ಕ್ಲಬ್ ಇಳಿಜಾರನ್ನೇ ಹಿಂಬಾಲಿಸಲಿ. ಚೆಂಡು ತಗ್ಗಿನಲ್ಲಿ ಹಾರುತ್ತದೆ, ಅದಕ್ಕೆ ಒಂದು ನಂಬರ್ ಮೋಟು ಕ್ಲಬ್ ತೆಗೆದುಕೊಳ್ಳಿ. ಏರಿನ ಕಡೆಗೆ ಹೊಡೆಯುವಾಗ ಇದೆಲ್ಲ ತಿರುಗುಮುರುಗು: ಚೆಂಡು ಎತ್ತರಕ್ಕೆ ಹೋಗಿ ದೂರ ಕಡಿಮೆಯಾಗುತ್ತದೆ, ಉದ್ದ ಕ್ಲಬ್ ಬೇಕು.

ಚೆಂಡು ಪಾದಕ್ಕಿಂತ ಮೇಲಿದ್ದರೆ ಹಿಡಿಕೆಯನ್ನು ಕೆಳಗೆ ಹಿಡಿದು, ಹೆಚ್ಚು ನೆಟ್ಟಗೆ ನಿಂತು, ಗುರಿಗಿಂತ ಬಲಕ್ಕೆ ನೋಡಿ, ಏಕೆಂದರೆ ಚೆಂಡು ಎಡಕ್ಕೆ ಎಳೆಯುತ್ತದೆ. ಕೆಳಗಿದ್ದರೆ ಮೊಣಕಾಲು, ಸೊಂಟ ಎರಡನ್ನೂ ಹೆಚ್ಚು ಬಗ್ಗಿಸಿ ಆ ಬಾಗನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು, ಇದೇ ನಾಲ್ಕರಲ್ಲಿ ಅತಿ ಕಠಿಣ. ಮುಕ್ಕಾಲು ಸ್ವಿಂಗ್‌ಗಿಂತ ಹೆಚ್ಚು ಬೇಡ.

ಮಳೆಗಾಲದ ಆಟ

ಕೆಸರಿನಲ್ಲಿ ಯಾವ ನಿಲುವೂ ಸಾಲದ ಹೊಡೆತಗಳಿವೆ. ಅಲ್ಲಿ ನಿಯಮವೇ ನಿಮಗೆ ನೆರವು ಕೊಡುತ್ತದೆ, ಅದನ್ನು ಬಿಟ್ಟುಕೊಡಬೇಡಿ. ಹಿಂದಿನ ಹೊಡೆತದಿಂದ ಚೆಂಡು ತಾನೇ ಮಾಡಿದ ಕುಳಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಹೂತಿದ್ದರೆ, ಮರಳಿನ ಬಂಕರ್ ಬಿಟ್ಟು ಮೈದಾನದ ಸಾಮಾನ್ಯ ಭಾಗದಲ್ಲೆಲ್ಲ ದಂಡವಿಲ್ಲದೆ ಎತ್ತಿ, ಒರೆಸಿ, ಅದರ ಬೆನ್ನ ಹಿಂದಿನ ಜಾಗದಿಂದ ಒಂದು ಕ್ಲಬ್ ಉದ್ದದೊಳಗೆ, ಗುಳಿಗೆ ಹತ್ತಿರವಾಗದಂತೆ ಬೀಳಿಸಬಹುದು. 2019ರ ಪರಿಷ್ಕೃತ ನಿಯಮಗಳಲ್ಲಿ ಇದು 16.3ನೇ ನಿಯಮ. ಚೆಂಡು ಮಳೆಯಿಂದ ತಾತ್ಕಾಲಿಕವಾಗಿ ನಿಂತ ನೀರಿನಲ್ಲಿದ್ದರೆ, ಅಥವಾ ನೀವು ನಿಂತ ಜಾಗದಲ್ಲಿ ಪಾದದ ಸುತ್ತ ನೀರು ಮೇಲೆ ಕಾಣುತ್ತಿದ್ದರೆ 16.1ರ ಪ್ರಕಾರ ಅದಕ್ಕೂ ವಿನಾಯಿತಿ ಇದೆ. ಬರೀ ಮೆತ್ತನೆಯ ಕೆಸರಿಗೆ ಇಲ್ಲ.

ನಿಯಮ ನೆರವಾಗದ ಕಡೆ ಒಂದು ನಂಬರ್ ಉದ್ದ ಕ್ಲಬ್ ತೆಗೆದುಕೊಳ್ಳಿ, ಹಿಡಿಕೆಯನ್ನು ಎರಡು ಬೆರಳು ಕೆಳಗೆ ಹಿಡಿಯಿರಿ, ಮುಕ್ಕಾಲು ಸ್ವಿಂಗ್ ಮಾಡಿ. ಮಳೆಗಾಲದಲ್ಲಿ ಸ್ವಲ್ಪ ಥಿನ್ ಆದ ಹೊಡೆತದಿಂದ ಆಗುವ ನಷ್ಟ ಹಿಂದೆ ಹೂತ ಹೊಡೆತದ ನಷ್ಟಕ್ಕಿಂತ ಎಷ್ಟೋ ಕಡಿಮೆ. ಮುಖದ ಗೀರುಗಳಲ್ಲಿ ನೀರು, ಮಣ್ಣು ಇದ್ದರೆ ಚೆಂಡಿಗೆ ತಿರುಗುವಿಕೆ ಸಿಗದೆ ಗ್ರೀನ್ ಮೇಲೆ ನಿಲ್ಲದೆ ಓಡುತ್ತದೆ, ಒರೆಸಿ ಹೊಡೆಯಿರಿ.

ಇಷ್ಟಾದರೂ ಗೆರೆ ಪರೀಕ್ಷೆಯ ಫಲ ಎರಡು ಮೂರು ವಾರ ಬದಲಾಗದಿದ್ದರೆ ತರಬೇತುದಾರರ ಬಳಿ ಹೋಗುವ ಹೊತ್ತು ಬಂದಿದೆ. ಬರಿಗೈಯಲ್ಲಿ ಹೋಗಬೇಡಿ. ಗೆರೆಯ ಫೋಟೊಗಳು, ಪೌಡರ್ ಹಚ್ಚಿದ ಮುಖದ ಫೋಟೊ, ಎರಡು ವಿಡಿಯೊ ಒಯ್ಯಿರಿ. ಒಂದನ್ನು ನಿಮ್ಮ ಎದೆಗೆ ನೇರ ಎದುರಿನಿಂದ ತೆಗೆಸಿ, ಭಾರ ಮತ್ತು ಮಣಿಕಟ್ಟು ಅದರಲ್ಲಿ ಕಾಣುತ್ತವೆ. ಇನ್ನೊಂದನ್ನು ನಿಮ್ಮ ಬಲಬದಿಯಿಂದ, ಗುರಿಯ ಕಡೆಗೆ ಮುಖ ಮಾಡಿ, ಗುರಿಯ ಗೆರೆಗೆ ಸಮಾಂತರವಾಗಿ, ಕೈಗಳ ನೇರದಲ್ಲಿ ಇಟ್ಟು ತೆಗೆಸಿ, ಸೊಂಟ ನುಗ್ಗುವುದು ಅದರಲ್ಲಿ ಕಾಣುತ್ತದೆ. ಎರಡರಲ್ಲೂ ಮೊಬೈಲ್ ಸೊಂಟದೆತ್ತರದಲ್ಲಿ ಅಲುಗದಂತಿರಲಿ, ನಿಧಾನ ಚಲನೆಯ ವಿಧಾನದಲ್ಲಿ ಚಿತ್ರೀಕರಿಸಿ, ಪಾದದಿಂದ ಕ್ಲಬ್‌ನ ತುದಿಯವರೆಗೆ ಎಲ್ಲವೂ ಚೌಕಟ್ಟಿನೊಳಗಿರಲಿ.